ಬರಿದಾದ ಲಿಥಿಯಂ ಬ್ಯಾಟರಿ: ಅಳೆಯದೆ ಎಬ್ಬಿಸಬೇಡಿ

ನಮ್ಮ ದೇಶನೂರಿನ ಕಡೆ ಭತ್ತದ ಗದ್ದೆಗೆ ಔಷಧಿ ಹೊಡೆಯಲು ಇಳಿಯುವ ರೈತನ ಬೆನ್ನ ಮೇಲೆ ಇಂದು ಬ್ಯಾಟರಿ ಪಂಪು ಕಾಣುವುದು ಸಾಮಾನ್ಯವಾಗಿದೆ. ಒಂದು ಕೈಯಲ್ಲಿ ಹಿಡಿಕೆ ಒತ್ತುತ್ತ, ಇನ್ನೊಂದು ಕೈಯಲ್ಲಿ ನಳಿಕೆ ಹಿಡಿದು ಮಂಡಿಯುದ್ದ ಕೆಸರಿನಲ್ಲಿ ನಡೆಯುವ ಕಷ್ಟ ಎಷ್ಟೋ ಕಡಿಮೆಯಾಗಿದೆ. ಪಂಪಿನ ಹಿಂದೆಯೇ ಬ್ಯಾಟರಿಯ ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರ, ಕೊಂಬೆ ಸವರುವ ಕತ್ತರಿ ಮುಂತಾದವೂ ಹಳ್ಳಿಗೆ ಬಂದಿವೆ. ಇವುಗಳ ಪೈಕಿ ಕೆಲವಕ್ಕೆ ಸೀಸ-ಆಮ್ಲದ ಬ್ಯಾಟರಿ, ಹಲವಕ್ಕೆ ಲಿಥಿಯಂ-ಅಯಾನ್ ಬ್ಯಾಟರಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಡಬ್ಬಿ. ಆದರೆ ಎರಡರ ಸ್ವಭಾವ ಬೇರೆ ಬೇರೆ. ಈ ಭೇದ ತಿಳಿಯದೆ ನಮ್ಮಲ್ಲಿ ಒಂದು ಕೆಟ್ಟ ರೂಢಿ ಬೆಳೆಯುತ್ತಿದೆ. ಅದರ ವಿಚಾರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಸಿರುಗುಪ್ಪ ತಾಲ್ಲೂಕಿನ ಭತ್ತದ ಬೇಸಾಯ ತುಂಗಭದ್ರೆಯನ್ನು ನಂಬಿದ್ದು. ನದಿಯಲ್ಲಿ, ಕಾಲುವೆಯಲ್ಲಿ ನೀರಿದ್ದರೆ ಎರಡು ಬೆಳೆ. ಇಲ್ಲದಿದ್ದರೆ ಒಂದೇ ಬೆಳೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ಅದಾದ ಬಳಿಕ ಗೇಟುಗಳನ್ನು ಬದಲಾಯಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂಬ ಮಾತನ್ನೂ 2025ರಲ್ಲಿ ಕೇಳಬೇಕಾಯಿತು. ಬೆಳೆ ಇಲ್ಲದಿದ್ದರೆ ಪಂಪಿಗೂ ಕೆಲಸವಿಲ್ಲ. ಮೊದಲು ಎರಡು ಮೂರು ತಿಂಗಳು ಮೂಲೆ ಸೇರುತ್ತಿದ್ದ ಪಂಪು ಈಗ ಏಳೆಂಟು ತಿಂಗಳು ಅಲ್ಲಿಯೇ ಉಳಿಯುತ್ತದೆ. ಬ್ಯಾಟರಿ ಹಾಳಾಗುವುದು ನಾವು ದುಡಿಸಿಕೊಳ್ಳುವಾಗಲ್ಲ, ಹೀಗೆ ಮೂಲೆಯಲ್ಲಿ ಮರೆತಾಗ.

ನನ್ನ ಮನೆಯಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ನಾನೇ ಈ ತಪ್ಪು ಮಾಡಿದೆ. ಕಂದು ಜಿಗಿಹುಳುವಿಗೆ ಕೊನೆಯ ಸಲ ಔಷಧಿ ಹೊಡೆದ ದಿನ ಪಂಪು ತಾನಾಗಿ ನಿಲ್ಲುವವರೆಗೂ ಓಡಿಸಿ, ತೊಳೆದು, ತಗಡಿನ ಕೊಟ್ಟಿಗೆಯಲ್ಲಿ ತೂಗುಹಾಕಿದೆ. ಚಾರ್ಜ್ ಮಾಡಲಿಲ್ಲ. ಮರುವರ್ಷ ಸಸಿಮಡಿಗೆ ಬೇಕೆಂದು ತೆಗೆದು ಚಾರ್ಜರಿಗೆ ಹಚ್ಚಿದರೆ ಕೆಂಪು ದೀಪ ಹತ್ತಲೇ ಇಲ್ಲ. ಹಸಿರು ದೀಪ ಹಾಗೆಯೇ ನಿಂತಿತು. ಬ್ಯಾಟರಿ ತುಂಬಿದೆಯೆಂದು ಅದರ ಅರ್ಥವಲ್ಲ. ಒಳಗೆ ವಿದ್ಯುತ್ತು ಹೋಗುತ್ತಲೇ ಇಲ್ಲವೆಂದು ಅರ್ಥ.

ಪೇಟೆಯ ರಿಪೇರಿಯವನು ನೋಡಿ, "ಅಣ್ಣ, ಇದು ಸತ್ತಿಲ್ಲ, ಮಲಗೈತೆ ಅಷ್ಟೆ. ಎಬ್ಬಿಸ್ತೀನಿ ತಡೀರಿ" ಎಂದ. ಮೋಟಾರ್ ಸೈಕಲ್ಲಿನ ಬ್ಯಾಟರಿಯಿಂದ ಎರಡು ತಂತಿ ಎಳೆದು ಐದಾರು ನಿಮಿಷ ಮುಟ್ಟಿಸಿದ. ಚಾರ್ಜರಿನ ಕೆಂಪು ದೀಪ ಹತ್ತಿತು. ಹೊಸದು ಕೊಳ್ಳುವ ಸಾವಿರಾರು ರೂಪಾಯಿ ಉಳಿಯಿತೆಂದು ನಾನು ಹಿಗ್ಗಿದೆ. ಮೂರು ದಿನ ಪಂಪು ನಡೆಯಿತು. ಆದರೆ ಮೊದಲಿನ ಅರ್ಧದಷ್ಟು ಡಬ್ಬಿಯೂ ಹೊಡೆಯುತ್ತಿರಲಿಲ್ಲ. ನಾಲ್ಕನೆಯ ರಾತ್ರಿ ಪಡಸಾಲೆಯಲ್ಲಿ ಗೋಣಿಚೀಲಗಳ ಪಕ್ಕ ಚಾರ್ಜಿಗೆ ಇಟ್ಟು ಮಲಗಿದೆವು. ನಡುರಾತ್ರಿ ನಮ್ಮ ಮನೆಯವರಿಗೆ ಬಣ್ಣಕ್ಕೆ ಬೆರೆಸುವ ತಿನ್ನರಿನಂಥ ವಾಸನೆ ಬಂದು ಎಚ್ಚರವಾಯಿತು. ಎದ್ದು ನೋಡಿದರೆ ಪಂಪಿನ ಬುಡದಲ್ಲಿ ಹೊಗೆ, ಸುಯ್ಯೆನ್ನುವ ಸದ್ದು. ಗೋಡೆಯ ಸ್ವಿಚ್ಚು ಆರಿಸಿ, ಉದ್ದನೆಯ ಕೋಲಿನಿಂದ ಪಂಪನ್ನು ಅಂಗಳಕ್ಕೆ ತಳ್ಳುವಷ್ಟರಲ್ಲಿ ಉರಿ ಎದ್ದಿತು. ನಾಲ್ಕು ಚೀಲ ಸುಟ್ಟವು, ಜೀವ ಉಳಿಯಿತು. ಹಿತ್ತಲಿನ ಹುಲ್ಲಿನ ಬಣವೆ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ರಿಪೇರಿಯವನು ಮೋಸಗಾರನಲ್ಲ. ಅವನಿಗೆ ಗೊತ್ತಿದ್ದ ವಿದ್ಯೆ ಬೇರೆ ಬ್ಯಾಟರಿಯದು. ನನ್ನದೂ ಅದೇ ತಪ್ಪು.

ಟ್ರ್ಯಾಕ್ಟರ್ ಬ್ಯಾಟರಿಯ ಪಾಠ ಇಲ್ಲಿ ನಡೆಯದು

ಟ್ರ್ಯಾಕ್ಟರಿನ ಸೀಸ-ಆಮ್ಲದ ಬ್ಯಾಟರಿಯೊಡನೆ ನಮಗೆ ತಲೆಮಾರಿನ ಪರಿಚಯವಿದೆ. ಅದು ಬರಿದಾದರೆ ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನ್ ಚಾಲೂ ಮಾಡುತ್ತೇವೆ. ಡಿಸ್ಟಿಲ್ಡ್ ನೀರು ಹಾಕಿ ಒಂದು ದಿನ ನಿಧಾನವಾಗಿ ಚಾರ್ಜ್ ಮಾಡಿಸುತ್ತೇವೆ. ಬಂದರೆ ಬಂತು, ಬರದಿದ್ದರೆ ಹಳೆಯದನ್ನು ಕೊಟ್ಟು ಹೊಸದು ತರುತ್ತೇವೆ. ಒಳಗಿನ ಫಲಕಗಳ ಮೇಲೆ ಬಿಳಿಯ ಪೊರೆ ಕಟ್ಟಿ ಅದು ಚಾರ್ಜ್ ಹಿಡಿಯದೇ ಹೋಗಬಹುದು, ಅಷ್ಟೆ. ಬರಿದಾದ ಕಾರಣಕ್ಕೆ ನಾಲ್ಕು ದಿನದ ಮೇಲೆ ಉರಿದೇಳುವ ಗುಣ ಅದಕ್ಕಿಲ್ಲ.

ಲಿಥಿಯಂ ಬ್ಯಾಟರಿ ಹಾಗಲ್ಲ. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಇದರ ಬುನಾದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುವುದು ಇದರ ಗುಣ. ಅದೇ ಇದರ ಅಪಾಯ ಕೂಡ. ಡಬ್ಬಿಯನ್ನು ಬಿಚ್ಚಿದರೆ ಒಳಗೆ ಬೆರಳಿಗಿಂತ ಸ್ವಲ್ಪ ದಪ್ಪನೆಯ ಸೆಲ್ಲುಗಳ ಸಾಲು ಇರುತ್ತದೆ. ಒಂದು ಸೆಲ್ಲಿನ ಸಾಧಾರಣ ಒತ್ತಡ 3.6 ಅಥವಾ 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್. ಮೂರು ಸೆಲ್ಲು ಸಾಲಾಗಿ ಸೇರಿದರೆ ಪಂಪಿನ 12 ವೋಲ್ಟ್ ಎನ್ನುವ ಬ್ಯಾಟರಿ. ಅದು ತುಂಬಿದಾಗ 12.6 ವೋಲ್ಟ್. ಐದು ಸೇರಿದರೆ ಡ್ರಿಲ್ಲಿನ 18 ವೋಲ್ಟ್ ಬ್ಯಾಟರಿ. ಇವುಗಳ ಮೇಲೆ ಕಾವಲಿಗೆ ಒಂದು ಚಿಕ್ಕ ಬೋರ್ಡು ಇರುತ್ತದೆ. ಒತ್ತಡ ಮಿತಿಗಿಂತ ಇಳಿದರೆ ಆ ಬೋರ್ಡು ಹೊರಗಿನ ಸಂಪರ್ಕ ಕಡಿದು ಬಾಗಿಲು ಹಾಕುತ್ತದೆ. ಚಾರ್ಜರಿಗೆ ಬ್ಯಾಟರಿ ಕಾಣದಿರುವುದು ಬಹಳ ಸಲ ಇದರಿಂದಲೇ.

ಬಾಗಿಲು ಹಾಕಿದ ಮೇಲೂ ಸೆಲ್ಲುಗಳು ತಾವಾಗಿ ತುಸು ತುಸು ಇಳಿಯುತ್ತಲೇ ಇರುತ್ತವೆ. ಬೋರ್ಡು ಸಹ ಕೊಂಚ ಕುಡಿಯುತ್ತದೆ. ತಿಂಗಳುಗಟ್ಟಲೆ ಹೀಗೆ ಬಿಟ್ಟರೆ ಸೆಲ್ಲು 2 ವೋಲ್ಟಿಗಿಂತಲೂ ಕೆಳಗೆ ಇಳಿಯಬಹುದು. ಆಗ ನಡೆಯುವುದು ಕಣ್ಣಿಗೆ ಕಾಣದ ಕೆಡುಕು. ಸೆಲ್ಲಿನ ಒಳಗೆ ತಾಮ್ರದ ತೆಳುವಾದ ಹಾಳೆ ಇರುತ್ತದೆ. ಒತ್ತಡ ಅತಿಯಾಗಿ ಇಳಿದಾಗ ಆ ತಾಮ್ರ ಒಳಗಿನ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಬೇರೆಲ್ಲೋ ಮುಳ್ಳಿನಂತೆ ಕಟ್ಟಿಕೊಳ್ಳುತ್ತದೆ. ಎರಡು ಧ್ರುವಗಳ ನಡುವೆ ಇರುವುದು ಕಾಗದಕ್ಕಿಂತ ತೆಳುವಾದ ಪರದೆ. ಮುಳ್ಳು ಅದನ್ನು ಚುಚ್ಚಿದರೆ ಒಳಗೊಳಗೇ ಶಾರ್ಟ್ ಆಗಿ ಸೆಲ್ಲು ಕಾಯುತ್ತದೆ. ಒಳಗಿನ ದ್ರವ ಹೊತ್ತಿಕೊಳ್ಳುವ ಜಾತಿಯದು. ಒಂದು ಸೆಲ್ಲು ಹೊತ್ತಿದರೆ ಅದರ ಕಾವಿಗೆ ಪಕ್ಕದ್ದೂ ಹೊತ್ತುತ್ತದೆ. ಬಲವಂತದಿಂದ ಎಬ್ಬಿಸಿದ ಬ್ಯಾಟರಿ ಮೂರು ದಿನ ಚೆನ್ನಾಗಿ ನಡೆದು ನಾಲ್ಕನೆಯ ದಿನ ಕೈ ಕೊಡುವುದರ ಗುಟ್ಟು ಇದೇ. ನಡೆಯಿತೆಂದ ಮಾತ್ರಕ್ಕೆ ವಾಸಿಯಾಯಿತೆಂದು ತಿಳಿಯಬಾರದು.

ಮಲಗಿದ್ದು ಯಾವುದು, ಸತ್ತದ್ದು ಯಾವುದು?

ಹಾಗಾದರೆ ಬರಿದಾದ ಬ್ಯಾಟರಿಯನ್ನೆಲ್ಲ ಬಿಸಾಡಬೇಕೆ? ಅಂಗಡಿಯವರು ಕೆಲವರು ಹಾಗೆಯೇ ಹೇಳುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ರೈತನ ದುಡ್ಡು ಸುಮ್ಮನೆ ಬಂದದ್ದಲ್ಲ. ಮಲಗಿದ ಬ್ಯಾಟರಿ ನಿಜವಾಗಿಯೂ ಇರುತ್ತದೆ. ಅದನ್ನು ಕ್ರಮವಾಗಿ ಎಬ್ಬಿಸಬಹುದು. ಆದರೆ ಮಲಗಿದ್ದಕ್ಕೂ ಸತ್ತದ್ದಕ್ಕೂ ಭೇದ ಹೇಳಬೇಕಾದದ್ದು ಮೀಟರು, ನಮ್ಮ ಆಸೆಯಲ್ಲ.

ಮೊದಲು ಸುಲಭದ ಪರೀಕ್ಷೆಗಳನ್ನು ಮಾಡಿರಿ. ಎಷ್ಟೋ ಸಲ ಬ್ಯಾಟರಿ ಸರಿಯಿದ್ದು ಚಾರ್ಜರೇ ಕೆಟ್ಟಿರುತ್ತದೆ. ಇಲ್ಲವೆ ಔಷಧಿ ತಾಗಿ ಪಿನ್ನು ಕಿಲುಬು ಹಿಡಿದಿರುತ್ತದೆ, ಫ್ಯೂಸು ಹೋಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಅದೇ ಪಂಪಿನೊಡನೆ ಬಂದ ಚಾರ್ಜರಿಗೆ ಹಚ್ಚಿ, ಎದುರಿಗೆ ಕುಳಿತು ಒಂದು ಗಂಟೆ ನೋಡಿರಿ. ಒಳ್ಳೆಯ ಚಾರ್ಜರುಗಳು ಬರಿದಾದ ಬ್ಯಾಟರಿಗೆ ಮೊದಲು ಸಣ್ಣ ಪ್ರಮಾಣದಲ್ಲಿ ವಿದ್ಯುತ್ತು ಕೊಟ್ಟು ತಾವೇ ಎಬ್ಬಿಸುತ್ತವೆ. ಇದಕ್ಕಿಂತ ಸುರಕ್ಷಿತವಾದ ಉಪಾಯ ಬೇರೆ ಇಲ್ಲ.

ಅದಕ್ಕೂ ಏಳದಿದ್ದರೆ ಡಬ್ಬಿಯನ್ನು ಬಿಚ್ಚಿ ಒಳಗಿನ ಪ್ರತಿಯೊಂದು ಸೆಲ್ಲಿನ ಗುಂಪನ್ನೂ ಅಳೆಯಬೇಕಾಗುತ್ತದೆ. ಇದು ಬಲ್ಲ ರಿಪೇರಿಯವನ ಕೆಲಸ. ಮನೆಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಮಾಡತಕ್ಕದ್ದಲ್ಲ. ಆದರೆ ಅವನು ಏನು ಮಾಡಬೇಕೆಂಬುದು ನಮಗೂ ತಿಳಿದಿರಲಿ. ಸಾಧಾರಣ ಲಿಥಿಯಂ-ಅಯಾನ್ ಸೆಲ್ಲಿಗೆ ಈ ಲೆಕ್ಕ ಹಿಡಿಯಬಹುದು:

1. ಪ್ರತಿ ಗುಂಪೂ 3 ವೋಲ್ಟಿಗಿಂತ ಮೇಲಿದ್ದರೆ ಸೆಲ್ಲುಗಳು ಬರಿದಾಗಿಲ್ಲ. ದೋಷ ಬೋರ್ಡಿನಲ್ಲಿ ಅಥವಾ ಚಾರ್ಜರಿನಲ್ಲಿರಬಹುದು.

2. 2.5ರಿಂದ 3 ವೋಲ್ಟ್ ಇದ್ದರೆ ಮಲಗಿದೆ. ನಿಧಾನವಾಗಿ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ ಏಳುತ್ತದೆ.

3. 2ರಿಂದ 2.5 ವೋಲ್ಟ್ ಇದ್ದರೆ ಅನುಮಾನ. ವಿದ್ಯುತ್ತಿನ ಪ್ರಮಾಣವನ್ನು ಕಟ್ಟಿಹಾಕುವ ಸಾಧನ ಉಳ್ಳವನು ಮಾತ್ರ ಪ್ರಯತ್ನಿಸಬಹುದು.

4. 2 ವೋಲ್ಟಿಗಿಂತ ಕೆಳಗಿದ್ದರೆ ಸತ್ತಿದೆಯೆಂದೇ ತಿಳಿಯಿರಿ. ಎಬ್ಬಿಸಬೇಡಿ.

ಒಟ್ಟು ವೋಲ್ಟನ್ನು ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು. ಮೂರು ಗುಂಪಿನ ಬ್ಯಾಟರಿ 9 ವೋಲ್ಟ್ ತೋರಿಸಿತೆನ್ನಿ. ಮೂರೂ ತಲಾ 3 ಇರಬಹುದು. ಇಲ್ಲವೆ ಎರಡು 4 ಇದ್ದು ಒಂದು 1ಕ್ಕೆ ಇಳಿದಿರಬಹುದು. ಲೆಕ್ಕ ಒಂದೇ, ಬ್ಯಾಟರಿ ಬೇರೆ. ಒಂದು ಎತ್ತು ಗಟ್ಟಿಯಿದ್ದು ಇನ್ನೊಂದು ಕುಸಿದ ಜೋಡಿಯನ್ನು ನೇಗಿಲಿಗೆ ಕಟ್ಟುತ್ತೇವೆಯೆ? ಹಾಗೆಯೇ, ಹೊರಗಿನ ಪಿನ್ನಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ ಒಳಗೂ ಸೊನ್ನೆಯೆಂದಲ್ಲ. ಬೋರ್ಡು ಬಾಗಿಲು ಹಾಕಿರಬಹುದು.

ವೋಲ್ಟ್ ಎಷ್ಟೇ ಇರಲಿ, ಡಬ್ಬಿ ಉಬ್ಬಿದ್ದರೆ, ಸೋರಿದ್ದರೆ, ತಿನ್ನರಿನಂಥ ವಾಸನೆ ಬರುತ್ತಿದ್ದರೆ, ಬಿದ್ದು ಜಜ್ಜಿದ್ದರೆ ಅಥವಾ ಒಳಗೆ ನೀರು ಹೊಕ್ಕಿದ್ದರೆ ಅದನ್ನು ಎಬ್ಬಿಸುವ ಮಾತೇ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಜಾತಿ ಇದೆ. ಅದರ ಸೆಲ್ಲು 3.2 ವೋಲ್ಟಿನದು, ತುಂಬಿದಾಗ 3.65. ಮೇಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲಿನ ಚೀಟಿಯನ್ನು ಓದಿ ಜಾತಿ ತಿಳಿದ ಮೇಲೆಯೇ ಮುಂದಿನ ಕೆಲಸ.

ಎಬ್ಬಿಸುವ ಕ್ರಮ

ಬರಿದಾದ ಸೆಲ್ಲಿಗೆ ತುಂಬು ವಿದ್ಯುತ್ತು ಕೊಡುವುದು, ಉಪವಾಸವಿದ್ದವನಿಗೆ ಒಮ್ಮೆಲೇ ಹಬ್ಬದೂಟ ಬಡಿಸಿದಂತೆ. ಮೊದಲು ಗಂಜಿ ಕೊಡಬೇಕು. ಬ್ಯಾಟರಿಯ ಸಾಮರ್ಥ್ಯದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ವಿದ್ಯುತ್ತು ಹರಿಯಬಾರದು. ಅಂದರೆ 8 ಆಂಪಿಯರ್-ಗಂಟೆಯ ಬ್ಯಾಟರಿಗೆ 0.4 ಆಂಪಿಯರ್. ಪ್ರತಿ ಗುಂಪೂ 3 ವೋಲ್ಟ್ ಮುಟ್ಟುವವರೆಗೆ ಹೀಗೆಯೇ ನಡೆಸಿ, ಆಮೇಲೆ ಅದರದೇ ಚಾರ್ಜರಿಗೆ ಹಚ್ಚಬೇಕು. ಅರ್ಧ ಗಂಟೆಯಾದರೂ ವೋಲ್ಟ್ ಏರದಿದ್ದರೆ ಅಥವಾ ಕೈಗೆ ಬಿಸಿ ತಗುಲಿದರೆ ಅಲ್ಲಿಗೆ ನಿಲ್ಲಿಸತಕ್ಕದ್ದು.

ಚಾರ್ಜ್ ಆಯಿತೆಂದು ಅಂದೇ ಮನೆಗೆ ತರಬೇಡಿ. ಒಂದು ವಾರ ರಿಪೇರಿಯವನಲ್ಲಿಯೇ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ ಒಂಟಿಯಾಗಿ ಇರಲಿ. ಮತ್ತೆ ಪ್ರತಿ ಗುಂಪನ್ನೂ ಅಳೆಯಿಸಿರಿ. ಒಂದು ಗುಂಪು ಮಾತ್ರ ತಾನಾಗಿ ಇಳಿದಿದ್ದರೆ ಅದರ ಒಳಗೆ ಗಾಯವಿದೆ. ಅಂಥದ್ದು ಬೇಡ. ಎಲ್ಲವೂ ಸಮನಾಗಿ ನಿಂತಿದ್ದರೆ ಮಾತ್ರ ಬಳಕೆಗೆ ತೆಗೆದುಕೊಳ್ಳಿರಿ. ಆಮೇಲೂ ಹೊಡೆಯುವ ಡಬ್ಬಿಗಳ ಲೆಕ್ಕ ಮೊದಲಿನ ಅರ್ಧಕ್ಕೆ ಇಳಿದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ಎಂದೂ ಮಾಡಬಾರದ ಕೆಲಸಗಳು

ಮೋಟಾರ್ ಸೈಕಲ್ ಅಥವಾ ಟ್ರ್ಯಾಕ್ಟರಿನ ಬ್ಯಾಟರಿಯಿಂದ ನೇರ ತಂತಿ ಕೊಡಬಾರದು. ಅಲ್ಲಿಂದ ಎಷ್ಟು ವಿದ್ಯುತ್ತು ನುಗ್ಗುವುದೆಂಬುದಕ್ಕೆ ಲಗಾಮಿಲ್ಲ. ಕಾವಲಿನ ಬೋರ್ಡನ್ನು ಕಿತ್ತು ನೇರ ಸಂಪರ್ಕ ಮಾಡಬಾರದು. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಚ್ಚಬಾರದು. ಎರಡರ ಮೇಲೂ 12 ವೋಲ್ಟ್ ಎಂದೇ ಬರೆದಿದ್ದರೂ ಸೀಸದ ಚಾರ್ಜರು 14 ವೋಲ್ಟಿಗಿಂತ ಮೇಲಕ್ಕೆ ಏರುತ್ತದೆ. ಮೂರು ಸೆಲ್ಲಿನ ಲಿಥಿಯಂ ತಾಳುವುದು 12.6 ಮಾತ್ರ. ಮನೆಯಲ್ಲಿ ಎರಡು ಬಗೆಯ ಪಂಪು ಇದ್ದರೆ ಚಾರ್ಜರುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಡುವುದು ಒಳ್ಳೆಯದು. ರಾತ್ರಿ ಮಲಗುವಾಗ ಚಾರ್ಜಿಗೆ ಇಡಬಾರದು. ಹುಲ್ಲು, ಹತ್ತಿ, ಗೋಣಿಚೀಲ, ಡೀಸೆಲ್ ಡಬ್ಬಿ ಇವುಗಳ ಹತ್ತಿರ ಇಡಲೇಬಾರದು.

ಒಂದು ವೇಳೆ ಹೊಗೆ ಕಂಡರೆ ಮೊದಲು ಗೋಡೆಯ ಸ್ವಿಚ್ಚು ಆರಿಸಿ ಮನೆಯವರನ್ನು ಹೊರಗೆ ಕಳಿಸಿರಿ. ನಾನು ಕೋಲಿನಿಂದ ತಳ್ಳಿದ್ದು ಅದೃಷ್ಟಕ್ಕೆ ದಕ್ಕಿತು. ಸಿಡಿದಿದ್ದರೆ ಮುಖವೇ ಹೋಗುತ್ತಿತ್ತು. ಆ ಹೊಗೆ ವಿಷ, ಉಸಿರಿಗೆ ತೆಗೆದುಕೊಳ್ಳಬಾರದು. ವಿದ್ಯುತ್ತು ಕಡಿದ ಮೇಲೆ ದೂರದಿಂದ ಹೇರಳವಾಗಿ ನೀರು ಹೊಯ್ಯುತ್ತ ತಣಿಸಬೇಕು. ಆರಿದಂತೆ ಕಂಡದ್ದು ಮತ್ತೆ ಹೊತ್ತಬಹುದು. ಆದ್ದರಿಂದ ಅಂದು ಅದನ್ನು ಮನೆಯೊಳಗೆ ತರಬೇಡಿ.

ಹಬ್ಬಕ್ಕೊಮ್ಮೆ ನೋಡಿರಿ

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ಬ್ಯಾಟರಿ ಬರಿದಾಗದಂತೆ ಇಡುವುದೇ ಉಪಾಯ. ಅದಕ್ಕೆ ಖರ್ಚಿಲ್ಲ. ಹಂಗಾಮು ಮುಗಿದ ದಿನ ಪಂಪನ್ನು ತೊಳೆದು ಒಣಗಿಸಿ, ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜ್ ಮಾಡಿರಿ. ನಾಲ್ಕು ದೀಪದ ಸೂಚಕವಿದ್ದರೆ ಎರಡು ದೀಪ ಹತ್ತಿದರೆ ಸಾಕು. ಮೀಟರಿದ್ದರೆ, ಮೂರು ಸೆಲ್ಲಿನ ಬ್ಯಾಟರಿಗೆ 11.1ರಿಂದ 11.4 ವೋಲ್ಟ್. ಪೂರ್ತಿ ತುಂಬಿ ತಿಂಗಳುಗಟ್ಟಲೆ ಇಡುವುದೂ ಆಯುಷ್ಯಕ್ಕೆ ಹಾನಿಕರ. ಸ್ವಿಚ್ಚು ಆರಿಸಿ, ಸಾಧ್ಯವಿದ್ದರೆ ಬ್ಯಾಟರಿಯನ್ನು ಬೇರ್ಪಡಿಸಿರಿ.

ಇಡುವ ಜಾಗವೂ ಮುಖ್ಯ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಕಾವು ಇನ್ನೂ ಹೆಚ್ಚು. ಬಿಸಿಲಿನಲ್ಲಿ ನಿಂತ ಪಂಪನ್ನು ತಂದು ಕೂಡಲೇ ಚಾರ್ಜಿಗೆ ಹಚ್ಚಬಾರದು. 45 ಡಿಗ್ರಿ ಮೀರಿದ ಕಾವಿನಲ್ಲಿ ಚಾರ್ಜ್ ಮಾಡುವುದು ಅಪಾಯ. ಮನೆಯೊಳಗಿನ ತಣ್ಣನೆಯ ಗೂಡು, ಮಕ್ಕಳ ಕೈಗೆ ಎಟುಕದ ಜಾಗ ಆರಿಸಿಕೊಳ್ಳಿರಿ.

ಇನ್ನು ನೆನಪಿಗಾಗಿ ಪಂಚಾಂಗವೇ ಸಾಕು. ಸಂಕ್ರಾಂತಿ, ಯುಗಾದಿ, ಕಾರಹುಣ್ಣಿಮೆ ಈ ಮೂರು ಹಬ್ಬಗಳ ನಡುವೆ ಎರಡೆರಡೂವರೆ ತಿಂಗಳ ಅಂತರವಿದೆ. ಪ್ರತಿ ಹಬ್ಬದಂದು ಬ್ಯಾಟರಿಯನ್ನು ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ಏರಿಸಿರಿ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವ ನಾವು, ಈಗ ಎತ್ತಿನ ಜೊತೆಗೆ ದುಡಿಯುವ ಈ ಯಂತ್ರಕ್ಕೂ ಒಂದು ಗಳಿಗೆ ಕೊಟ್ಟರೆ ತಪ್ಪೇನು?

ಹೊಣೆ ರೈತನದು ಮಾತ್ರವಲ್ಲ

ಕೊನೆಗೆ ಒಂದು ಮಾತು. ಪಂಪನ್ನು ಸಹಾಯಧನದಲ್ಲಿಯೋ ಸ್ವಂತ ಹಣದಲ್ಲಿಯೋ ಕೊಂಡ ದಿನ ನನ್ನ ಕೈಗೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. "ಖಾಲಿ ಮಾಡಿ ಇಡಬೇಡಿ" ಎಂಬ ಮೂರು ಪದ ಕನ್ನಡದಲ್ಲಿ ಡಬ್ಬಿಯ ಮೇಲೆ ಇದ್ದಿದ್ದರೆ ನನ್ನ ಪಡಸಾಲೆ ಉಳಿಯುತ್ತಿತ್ತು. ಪ್ರತಿ ಪಂಪಿನೊಡನೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಡುವುದನ್ನು ಮಾರುವವರು ಕಡ್ಡಾಯವೆಂದು ತಿಳಿಯಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ, 2014ರಿಂದ ನಡೆದುಬಂದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದು ಮೀಟರು, ಒಂದು ಸರಿಯಾದ ಚಾರ್ಜಿಂಗ್ ಸಾಧನ, ಅದನ್ನು ಬಲ್ಲ ಒಬ್ಬ ಹುಡುಗ ಇದ್ದರೆ ಮುಂಗಾರಿಗೆ ಮುನ್ನ ಊರಿನ ಪಂಪುಗಳನ್ನೆಲ್ಲ ಪರೀಕ್ಷಿಸಬಹುದು. ಪೇಟೆಯ ರಿಪೇರಿಯವರಿಗೆ ಎರಡು ದಿನದ ತರಬೇತಿ ಕೊಟ್ಟರೆ ಇನ್ನೂ ಒಳ್ಳೆಯದು. ಅವರನ್ನು ಬೈದು ಪ್ರಯೋಜನವಿಲ್ಲ. ಊರಿಗೆ ಅವರೇ ವೈದ್ಯರು.

ಸತ್ತ ಬ್ಯಾಟರಿಯ ವಿಲೇವಾರಿಗೂ ಕಾನೂನಿದೆ. 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ತಯಾರಕರದು. ಅದನ್ನು ಬೇರೆ ಕಸದೊಡನೆ ಬೆರೆಸದೆ ಸಂಗ್ರಹಿಸುವವರಿಗೆ ಒಪ್ಪಿಸುವುದು ನಮ್ಮ ಹೊಣೆ. ಆದ್ದರಿಂದ ತಿಪ್ಪೆಗೆ ಎಸೆಯಬೇಡಿ, ಕಾಲುವೆಗೆ ಬಿಡಬೇಡಿ, ಗುಜರಿಯವನ ಸುತ್ತಿಗೆಗೆ ಕೊಡಬೇಡಿ. ಪಿನ್ನುಗಳಿಗೆ ಟೇಪು ಸುತ್ತಿ, ಕೊಂಡ ಅಂಗಡಿಗೆ ಒಯ್ದು "ಇದನ್ನು ತೆಗೆದುಕೊಳ್ಳಿ" ಎಂದು ಕೇಳಿರಿ. ಕೇಳುವವರು ಹತ್ತು ಜನರಾದರೆ ಅಂಗಡಿಯವನೂ ಕಂಪನಿಯನ್ನು ಕೇಳುತ್ತಾನೆ.

ರೈತ ಬಾಂಧವರೇ, ಉಳಿತಾಯ ನಮ್ಮ ಗುಣ, ಅದನ್ನು ಬಿಡಬೇಕಾಗಿಲ್ಲ. ಅರ್ಧ ಚಾರ್ಜಿನಲ್ಲಿ ಇಟ್ಟ ಬ್ಯಾಟರಿಯೇ ನಿಜವಾದ ಉಳಿತಾಯ. ಮಲಗಿದ್ದನ್ನು ಅಳೆದು ಎಬ್ಬಿಸೋಣ. ಸತ್ತದ್ದನ್ನು ಮರ್ಯಾದೆಯಿಂದ ಕಳಿಸಿಕೊಡೋಣ. ಒಂದು ಬ್ಯಾಟರಿಯ ಬೆಲೆಗೆ ಮನೆ, ಬಣವೆ, ಮಕ್ಕಳನ್ನು ಪಣಕ್ಕಿಡುವುದು ಬೇಸಾಯಗಾರನ ಲೆಕ್ಕವಲ್ಲ.